ಕಾಲು ಮೈಲಿಯ ಓಟಕ್ಕೆ ಹಳೆಯ ಇಂಜಿನನ್ನು ಹದಗೊಳಿಸುವ ಕ್ರಮ: ಹಾಸನ, ಚಿಕ್ಕಮಗಳೂರಿನ ಗಾಳಿಯಲ್ಲಿ

ಕಾಫಿ ತೋಟದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ವರ್ಷಗಟ್ಟಲೆ ನಿಂತಿದ್ದ ಕಾಂಟೆಸ್ಸಾ ಕಾರನ್ನು ಹೊರಗೆ ತೆಗೆದು, ತೊಳೆದು, ಹೊಸ ಬ್ಯಾಟರಿ ಹಾಕಿ ಓಡಿಸಿದ ಮೇಲೆ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, ಇದಕ್ಕೆ ಇನ್ನೇನು ಹಾಕಿಸಿದರೆ ವೇಗ ಬರುತ್ತದೆ ಎಂಬುದು. ದೊಡ್ಡ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲು ಬೆರೆಸುವ ಭಾಗ), ಅಗಲವಾದ ಸೈಲೆನ್ಸರ್, ಹೆಡ್ ಫೇಸಿಂಗ್ (ಇಂಜಿನಿನ ತಲೆಭಾಗದ ಅಡಿಯನ್ನು ಉಜ್ಜಿ ತೆಳುವಾಗಿಸುವುದು) ಎಂದು ಪಟ್ಟಿ ಬೆಳೆಯುತ್ತದೆ. ಹಾಸನ ಮತ್ತು ಚಿಕ್ಕಮಗಳೂರಿನಂಥ ಎತ್ತರದ ಊರಿನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯದು: ಇಂಜಿನಿನಲ್ಲಿ ಮೊದಲೇ ಇದ್ದ ಶಕ್ತಿಯಲ್ಲಿ ಎಷ್ಟು ಎಲ್ಲೆಲ್ಲಿ ಸೋರಿಹೋಗುತ್ತಿದೆ? ಆ ಸೋರಿಕೆಯನ್ನು ಹುಡುಕಿ ಮುಚ್ಚುವುದರಿಂದ ಸಿಗುವ ಅಶ್ವಶಕ್ತಿ, ಹಣ ಕೊಟ್ಟು ತರುವ ಬಿಡಿಭಾಗಗಳಿಂದ ಸಿಗುವುದಕ್ಕಿಂತ ಹೆಚ್ಚು ಎಂಬುದು ನನ್ನ ಅನುಭವ. ಮುಂದಿನ ಕ್ರಮವೆಲ್ಲ ಆ ಹುಡುಕಾಟಕ್ಕೆ ಸಂಬಂಧಿಸಿದ್ದು. ಉದಾಹರಣೆಗೆ ಕಾಂಟೆಸ್ಸಾವನ್ನು ತೆಗೆದುಕೊಂಡಿದ್ದೇನಾದರೂ ಕಾರ್ಬುರೇಟರ್ ಇರುವ ಯಾವ ಹಳೆಯ ಪೆಟ್ರೋಲ್ ಕಾರಿಗೂ ಇದು ಅನ್ವಯಿಸುತ್ತದೆ.

ಕಾಂಟೆಸ್ಸಾವನ್ನು ನಮ್ಮ ದೇಶದ ಮಸಲ್ ಕಾರು, ಅಂದರೆ ದೊಡ್ಡ ಇಂಜಿನಿನ ಬಲಿಷ್ಠ ಕಾರು, ಎಂದು ಕರೆಯುವ ರೂಢಿ ಅದರ ಮೈಕಟ್ಟನ್ನು ನೋಡಿ ಹುಟ್ಟಿದ್ದೇ ಹೊರತು ಇಂಜಿನನ್ನು ನೋಡಿ ಅಲ್ಲ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ 1970ರ ದಶಕದ ಮಾದರಿಯನ್ನು ಆಧರಿಸಿದ ಈ ಕಾರು 1984ರಲ್ಲಿ ಮಾರುಕಟ್ಟೆಗೆ ಬಂದಾಗ ಅದರೊಳಗೆ ಇದ್ದದ್ದು ಅಂಬಾಸಿಡರ್ ಕಾರಿನದೇ 1489 ಸಿಸಿಯ, ಸುಮಾರು 50 ಅಶ್ವಶಕ್ತಿಯ ಇಂಜಿನು. ನಂತರ ಬಂದ ಇಸುಜು ಮೂಲದ 1817 ಸಿಸಿ ಇಂಜಿನು ಸುಮಾರು 88 ಅಶ್ವಶಕ್ತಿ ಕೊಡುತ್ತಿತ್ತು. ಅಮೆರಿಕದ ಮೂಲ ಮಸಲ್ ಕಾರುಗಳ ಲೆಕ್ಕವೇ ಬೇರೆ. 1964ರಲ್ಲಿ ಪಾಂಟಿಯಾಕ್ ಕಂಪನಿ ಮಧ್ಯಮ ಗಾತ್ರದ ಕಾರಿಗೆ 389 ಘನ ಅಂಗುಲದ, ಅಂದರೆ 6.4 ಲೀಟರಿನ ಇಂಜಿನನ್ನು ಕೂರಿಸಿ ಜಿಟಿಒ ಎಂದು ಮಾರಿದಾಗ ಅದರ ಶಕ್ತಿ 325, ಮೂರು ಕಾರ್ಬುರೇಟರ್ ಇದ್ದ ಮಾದರಿಯಲ್ಲಿ 348 ಅಶ್ವಶಕ್ತಿ. ಕ್ರೈಸ್ಲರ್ ಕಂಪನಿಯ 426 ಹೆಮಿ ಇಂಜಿನು 1966ರಲ್ಲಿ ಬೀದಿಯ ಕಾರುಗಳಿಗೆ ಬಂದಾಗ 425, ಶೆವ್ರೊಲೆ ಶೆವೆಲ್ ಕಾರಿನ 7.4 ಲೀಟರ್ ಇಂಜಿನು 1970ರಲ್ಲಿ 450. ಈ ಅಂಕಿಗಳನ್ನು ಓದುವಾಗ ನೆನಪಿಡಬೇಕಾದ ಸಂಗತಿಯೊಂದಿದೆ. ಅವೆಲ್ಲ ಇಂಜಿನನ್ನು ಕಾರಿನಿಂದ ಹೊರಗಿಟ್ಟು, ಏರ್ ಫಿಲ್ಟರ್ ತೆಗೆದು, ಸೈಲೆನ್ಸರಿನ ತಡೆಯಿಲ್ಲದೆ, ಫ್ಯಾನು ಮತ್ತು ಆಲ್ಟರ್ನೇಟರುಗಳ ಹೊರೆಯಿಲ್ಲದೆ ಅಳೆದ ಒಟ್ಟು ಶಕ್ತಿ. 1972ರ ಮಾದರಿಗಳಿಂದ ಅಲ್ಲಿನ ಕಂಪನಿಗಳು ಈ ಹೊರೆಗಳನ್ನೆಲ್ಲ ಜೋಡಿಸಿಯೇ ಅಳೆದ ನಿವ್ವಳ ಶಕ್ತಿಯನ್ನು ಪ್ರಕಟಿಸತೊಡಗಿದಾಗ ಕಾಗದದ ಮೇಲಿನ ಅಂಕಿಗಳು ಒಮ್ಮೆಲೇ ಕುಸಿದವು. ಹೊಗೆಯ ನಿಯಮಗಳಿಗಾಗಿ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯನ್ನು ಒತ್ತುವ ಪ್ರಮಾಣ) ಇಳಿಸಿದ್ದೂ ಅದಕ್ಕೆ ಕಾರಣವಾಗಿತ್ತು, ಆದರೆ ಕುಸಿತದ ದೊಡ್ಡ ಪಾಲು ಅಳತೆಯ ವಿಧಾನದ್ದೇ ಆಗಿತ್ತು. ಪುಸ್ತಕದ ಅಶ್ವಶಕ್ತಿಯೂ ಚಕ್ರಕ್ಕೆ ತಲುಪುವ ಅಶ್ವಶಕ್ತಿಯೂ ಒಂದೇ ಅಲ್ಲವೆಂದು ತಿಳಿದವನು ಮೊದಲು ತನ್ನ ಕಾರನ್ನು ತಾನೇ ಅಳೆದುಕೊಳ್ಳುತ್ತಾನೆ.

ಮೊದಲು ಅಳೆಯಿರಿ

ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ ಡ್ರ್ಯಾಗ್ ರೇಸಿನ ರೂಢಿಯ ದೂರ ಕಾಲು ಮೈಲಿ, ಅಂದರೆ 402 ಮೀಟರ್. ಅಲ್ಲಿ ಎರಡು ಅಂಕಿಗಳು ಸಿಗುತ್ತವೆ: ದೂರವನ್ನು ಮುಗಿಸಲು ಹಿಡಿದ ಸಮಯ ಒಂದು, ಕೊನೆಯ ಗೆರೆಯನ್ನು ದಾಟುವಾಗಿನ ವೇಗ ಇನ್ನೊಂದು. ಸಮಯದಲ್ಲಿ ಚಾಲಕನ ಕ್ಲಚ್ಚಿನ ಕೈಚಳಕ, ಟೈರಿನ ಹಿಡಿತ ಎಲ್ಲವೂ ಬೆರೆತಿರುತ್ತವೆ. ಕೊನೆಯ ವೇಗ ಮಾತ್ರ ಹೆಚ್ಚುಕಡಿಮೆ ಇಂಜಿನಿನ ಶಕ್ತಿಯನ್ನೇ ಹೇಳುತ್ತದೆ. ಆದ್ದರಿಂದ ಹದಗೊಳಿಸುವವನು ನೋಡಬೇಕಾದದ್ದು ವೇಗವನ್ನು. ಡ್ರ್ಯಾಗ್ ರೇಸಿನವರು ದಶಕಗಳಿಂದ ಬಳಸುತ್ತಿರುವ ಅಂದಾಜಿನ ಸೂತ್ರವೊಂದನ್ನು ನಮ್ಮ ಮಾನಗಳಿಗೆ ತಂದರೆ ಹೀಗಾಗುತ್ತದೆ: ಕೊನೆಯ ವೇಗವನ್ನು ಗಂಟೆಗೆ ಕಿಲೋಮೀಟರಿನಲ್ಲಿ ತೆಗೆದುಕೊಂಡು 290ರಿಂದ ಭಾಗಿಸಿ, ಬಂದದ್ದರ ಘನವನ್ನು ತೆಗೆದು (ಅದೇ ಅಂಕಿಯನ್ನು ಮೂರು ಸಲ ಬರೆದು ಗುಣಿಸಿ), ಚಾಲಕನೂ ಸೇರಿದಂತೆ ಕಾರಿನ ತೂಕವನ್ನು ಕಿಲೋದಲ್ಲಿ ಹಿಡಿದು ಅದಕ್ಕೆ ಗುಣಿಸಿದರೆ ಅಶ್ವಶಕ್ತಿ ಸಿಗುತ್ತದೆ. ಚಾಲಕನೊಂದಿಗೆ 1250 ಕಿಲೋ ತೂಗುವ ಕಾರು ಗಂಟೆಗೆ 110 ಕಿಲೋಮೀಟರಿನಲ್ಲಿ ಗೆರೆ ದಾಟಿದರೆ ಅದರಲ್ಲಿ ಸುಮಾರು 68 ಅಶ್ವಶಕ್ತಿ ಉಳಿದಿದೆ ಎಂದರ್ಥ, 116ರಲ್ಲಿ ದಾಟಿದರೆ ಸುಮಾರು 80. ಸಮಯದ ಲೆಕ್ಕಕ್ಕೆ ತೂಕವನ್ನು ಅಶ್ವಶಕ್ತಿಯಿಂದ ಭಾಗಿಸಿ, ಅದರ ಘನಮೂಲವನ್ನು 7.6ರಿಂದ ಗುಣಿಸಬೇಕು. ಮೇಲಿನ ಎರಡು ಸ್ಥಿತಿಗಳಿಗೆ ಅದು ಸುಮಾರು 20 ಸೆಕೆಂಡು ಮತ್ತು 19 ಸೆಕೆಂಡು. ಘನಮೂಲ ಇರುವುದರಿಂದ ಶಕ್ತಿಯನ್ನು ನೂರಕ್ಕೆ ಮೂರರಷ್ಟು ಏರಿಸಿದರೂ ಸಮಯ ಇಳಿಯುವುದು ನೂರಕ್ಕೆ ಒಂದರಷ್ಟು ಮಾತ್ರ. ಈ ಆಟದಲ್ಲಿ ತಾಳ್ಮೆ ಬೇಕೆನ್ನುವುದು ಇದಕ್ಕೇ.

ತೂಕವನ್ನು ಊಹಿಸಬೇಡಿ. ವೇಬ್ರಿಡ್ಜಿನಲ್ಲಿ ಲಾರಿಗಳ ಸಾಲಿನ ನಡುವೆ ನಿಂತು, ನೀವು ಕುಳಿತೇ ಒಮ್ಮೆ ತೂಗಿಸಿ ಚೀಟಿ ತೆಗೆದುಕೊಳ್ಳಿ. ಅಲ್ಲಿನ ತಕ್ಕಡಿ ಹತ್ತಿಪ್ಪತ್ತು ಕಿಲೋ ಆಚೀಚೆ ತೋರಿಸಿದರೂ ಈ ಲೆಕ್ಕಕ್ಕೆ ಸಾಕು.

402 ಮೀಟರಿನ ಓಟವನ್ನು ಸಾರ್ವಜನಿಕ ರಸ್ತೆಯಲ್ಲಿ ಮಾಡುವಂತಿಲ್ಲ. ಮೋಟಾರು ವಾಹನ ಕಾಯಿದೆಯ 189ನೇ ಕಲಮಿನಂತೆ ಅದು ಅಪರಾಧ, ಮೊದಲ ಸಲವೇ ಮೂರು ತಿಂಗಳವರೆಗಿನ ಸೆರೆವಾಸ ಅಥವಾ 5000 ರೂಪಾಯಿವರೆಗಿನ ದಂಡ, ಇಲ್ಲವೆ ಎರಡೂ ಆಗಬಹುದು. ಕಾನೂನಿನ ಮಾತು ಹಾಗಿರಲಿ, ಹಾಸನದ ಹೊರವಲಯದ ನೇರ ರಸ್ತೆಗಳಲ್ಲಿ ಬೆಳಗಿನ ಹೊತ್ತು ಹಾಲಿನ ಕ್ಯಾನು ಕಟ್ಟಿಕೊಂಡ ಬೈಕು ಯಾವ ಅಡ್ಡದಾರಿಯಿಂದ ಬರುತ್ತದೆಂದು ಯಾರೂ ಹೇಳಲಾರರು. ಮನೆಯ ಹತ್ತಿರ ಅಳೆಯಲು ಬೇರೆ ದಾರಿಯಿದೆ. ಮಟ್ಟಸವಾದ, ಖಾಲಿಯಾದ, ವೇಗಮಿತಿ ಅನುಮತಿಸುವ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಗಂಟೆಗೆ 40 ಕಿಲೋಮೀಟರಿನಿಂದ ಪೂರ್ತಿ ಪೆಡಲ್ ಒತ್ತಿ 80 ತಲುಪುವವರೆಗೆ, ಪಕ್ಕದಲ್ಲಿ ಕುಳಿತವರು ಸ್ಪೀಡೋಮೀಟರನ್ನು ಮೊಬೈಲಿನಲ್ಲಿ ಚಿತ್ರೀಕರಿಸಲಿ. ಮನೆಗೆ ಬಂದು ಚಿತ್ರವನ್ನು ನಿಧಾನವಾಗಿ ಓಡಿಸಿ ಸಮಯ ಬರೆದುಕೊಳ್ಳಿ. 1250 ಕಿಲೋ ತೂಕವನ್ನು 40ರಿಂದ 80ಕ್ಕೆ ಏರಿಸಲು ಸುಮಾರು 231 ಕಿಲೋಜೂಲ್ ಬೇಕು. ಅದಕ್ಕೆ 7 ಸೆಕೆಂಡು ಹಿಡಿದರೆ ಸರಾಸರಿ 33 ಕಿಲೋವ್ಯಾಟ್, ಅಂದರೆ ಸುಮಾರು 45 ಅಶ್ವಶಕ್ತಿ, ಗಾಳಿಯ ಮತ್ತು ಟೈರಿನ ತಡೆಯನ್ನು ಕಳೆದು ಕಾರಿನ ವೇಗವನ್ನು ಹೆಚ್ಚಿಸಲು ಬಳಕೆಯಾಗಿದೆ. ಆರೂವರೆ ಸೆಕೆಂಡಾದರೆ 48. ಇದು ಇಂಜಿನಿನ ಗರಿಷ್ಠ ಶಕ್ತಿಯಲ್ಲ, ಆದರೆ ಇಂದು ಮಾಡಿದ ಬದಲಾವಣೆ ನಿನ್ನೆಗಿಂತ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಇದಕ್ಕಿಂತ ಪ್ರಾಮಾಣಿಕವಾಗಿ ಹೇಳುವ ಅಗ್ಗದ ಉಪಾಯ ನನಗೆ ಸಿಕ್ಕಿಲ್ಲ. ಒಂದೇ ರಸ್ತೆಯ ತುಂಡಿನಲ್ಲಿ, ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ಕಣ್ಣಿಗೆ ಕಾಣದಷ್ಟು, ನೂರು ಮೀಟರಿಗೆ ಒಂದು ಮೀಟರಿನ ಏರು ಇದ್ದರೂ ಆ ವೇಗದಲ್ಲಿ ಎರಡು ಮೂರು ಅಶ್ವಶಕ್ತಿಯನ್ನು ಅದು ನುಂಗುತ್ತದೆ, ಮಲೆನಾಡಿನಲ್ಲಿ ಪೂರ್ತಿ ಮಟ್ಟಸವಾದ ರಸ್ತೆ ಎಂಬುದೇ ಇಲ್ಲ.

ಇಂಜಿನಿನ ಆರೋಗ್ಯ

ಕಂಪ್ರೆಷನ್ ಗೇಜು ಹಾಕಿ ನೋಡದೆ ಬೇರೆ ಯಾವ ಕೆಲಸಕ್ಕೂ ಕೈ ಹಾಕಬಾರದು. ಇಂಜಿನು ಬಿಸಿಯಾದ ಮೇಲೆ ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ, ಕಾಯಿಲಿನ ವೈರು ತೆಗೆದು, ಪೆಡಲನ್ನು ಪೂರ್ತಿ ಒತ್ತಿ ಹಿಡಿದು, ಒಂದೊಂದು ಸಿಲಿಂಡರಿಗೂ ಐದಾರು ಸುತ್ತು ಕ್ರ್ಯಾಂಕ್ ಹೊಡೆದು ಅಂಕಿ ಬರೆದುಕೊಳ್ಳಬೇಕು. ನಮ್ಮ ಊರುಗಳಲ್ಲಿ ಬಹಳ ಜನ ಎಡವುವುದು ಇಲ್ಲಿಯೇ. ಸಮುದ್ರಮಟ್ಟದಲ್ಲಿ ಗೇಜು 160 ಪಿಎಸ್‌ಐ (ಒತ್ತಡದ ಮಾನ) ತೋರಿಸುವ ಆರೋಗ್ಯವಂತ ಇಂಜಿನು ಸಾವಿರ ಮೀಟರ್ ಎತ್ತರದಲ್ಲಿ ಸುಮಾರು 142 ತೋರಿಸುತ್ತದೆ, ಏಕೆಂದರೆ ಒತ್ತಲು ಸಿಕ್ಕ ಗಾಳಿಯೇ ಆರಂಭದಲ್ಲಿ ತೆಳುವಾಗಿರುತ್ತದೆ. ಪುಸ್ತಕದ ಅಂಕಿಗಿಂತ 18 ಕಡಿಮೆ ಬಂತೆಂದು ರಿಂಗು, ಪಿಸ್ಟನ್ನು ಬದಲಾಯಿಸಿ ಹಣ ಕಳೆದುಕೊಂಡವರಿದ್ದಾರೆ. ಅಂಕಿ ಎಷ್ಟು ಎಂಬುದಕ್ಕಿಂತ ನಾಲ್ಕೂ ಸಿಲಿಂಡರುಗಳ ನಡುವಿನ ವ್ಯತ್ಯಾಸ ನೂರಕ್ಕೆ ಹತ್ತರೊಳಗೆ ಇದೆಯೇ ಎಂಬುದು ಮುಖ್ಯ. ಒಂದು ಸಿಲಿಂಡರು ಕೆಳಗಿದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವಿನದು ಅಥವಾ ಹೆಡ್ ಗ್ಯಾಸ್ಕೆಟ್ಟಿನದು. ವಾಲ್ವಿನ ದೋಷವೆಂದು ಹೆಡ್ ಇಳಿಸುವ ಮೊದಲು ಟ್ಯಾಪೆಟ್ (ವಾಲ್ವನ್ನು ಒತ್ತಿ ತೆರೆಯುವ ಭಾಗ) ಸಂದು ನೋಡಿ. ಸಂದೇ ಇಲ್ಲದಷ್ಟು ಬಿಗಿಯಾದ ಟ್ಯಾಪೆಟ್ಟು ವಾಲ್ವನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ. ಇಂಜಿನು ಗಾಳಿಯನ್ನು ಎಳೆಯುವ ಬಲವನ್ನು ತೋರಿಸುವ ವ್ಯಾಕ್ಯೂಮ್ ಗೇಜಿನ ವಿಷಯವೂ ಹೀಗೆಯೇ. ಸಮುದ್ರಮಟ್ಟದಲ್ಲಿ ಐಡಲಿನಲ್ಲಿ 18ರಿಂದ 20 ಅಂಗುಲ ತೋರಿಸಬೇಕಾದ ಮುಳ್ಳು, ಪ್ರತಿ 300 ಮೀಟರಿಗೆ ಒಂದರಂತೆ ಕಡಿಮೆಯಾಗಿ, ನಮ್ಮಲ್ಲಿ 15ರಿಂದ 17ರ ನಡುವೆ ನಿಂತರೆ ಚಿಂತೆ ಬೇಡ. ಮುಳ್ಳು ನಡುಗುತ್ತಿದ್ದರೆ ಮಾತ್ರ ಚಿಂತಿಸಿ.

ಇದರ ಜೊತೆಗೆ ನಾಲ್ಕೂ ಚಕ್ರಗಳನ್ನು ಜಾಕಿಯಲ್ಲಿ ಎತ್ತಿ ಕೈಯಿಂದ ತಿರುಗಿಸಿ ನೋಡಬೇಕು. ಮಳೆಗಾಲವಿಡೀ ತೇವದಲ್ಲಿ ನಿಂತ ಕಾರಿನ ಬ್ರೇಕು ಹಿಡಿದುಕೊಂಡಿರುವುದು ಮಲೆನಾಡಿನಲ್ಲಿ ಸಾಮಾನ್ಯ, ಹಿಡಿದ ಬ್ರೇಕನ್ನು ಗೆಲ್ಲುವ ಕಾರ್ಬುರೇಟರ್ ಇನ್ನೂ ಹುಟ್ಟಿಲ್ಲ.

ಗಾಳಿ, ಪೆಟ್ರೋಲು ಮತ್ತು ಅವುಗಳ ಹದ

ಪೆಟ್ರೋಲ್ ಇಂಜಿನು ಮೂಲತಃ ಗಾಳಿಯನ್ನು ಎಳೆದುಕೊಳ್ಳುವ ಪಂಪು, ಎಷ್ಟು ತೂಕದ ಗಾಳಿಯನ್ನು ಎಳೆದುಕೊಂಡಿತೋ ಅಷ್ಟಕ್ಕೆ ತಕ್ಕ ಪೆಟ್ರೋಲನ್ನು ಮಾತ್ರ ಅದು ಸುಡಬಲ್ಲದು. ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ತುಸು ಕಡಿಮೆ ಎತ್ತರದಲ್ಲಿದೆ, ಚಿಕ್ಕಮಗಳೂರು ಸುಮಾರು 1090 ಮೀಟರಿನಲ್ಲಿದೆ. ಸಾವಿರ ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ನೂರಕ್ಕೆ 89ರಷ್ಟು ಇರುತ್ತದೆ. ಅದರ ಮೇಲೆ 30 ಡಿಗ್ರಿಯ ಮಧ್ಯಾಹ್ನದ ಬಿಸಿಲು ಸೇರಿದರೆ ಗಾಳಿಯ ಸಾಂದ್ರತೆ, ತಂಪಾದ ಹವೆಯ ದೇಶದಲ್ಲಿ ಸುಮಾರು 1700 ಮೀಟರ್ ಎತ್ತರದಲ್ಲಿ ಇರುವಷ್ಟಕ್ಕೆ ಇಳಿಯುತ್ತದೆ. ಅಮೆರಿಕದ ಡೆನ್ವರ್ ನಗರದ ಬಳಿ ಸುಮಾರು 1770 ಮೀಟರ್ ಎತ್ತರದಲ್ಲಿ ಬ್ಯಾಂಡಿಮಿಯರ್ ಎಂಬ ಹೆಸರಾಂತ ಡ್ರ್ಯಾಗ್ ಓಟದ ಪಥವಿತ್ತು, ಅದು 2023ರಲ್ಲಿ ಮುಚ್ಚಿತು. 1951ರಲ್ಲಿ ಸ್ಥಾಪನೆಯಾದ ಅಲ್ಲಿನ ರಾಷ್ಟ್ರೀಯ ಸಂಘ, ಅಂದರೆ ಎನ್‌ಎಚ್‌ಆರ್‌ಎ, ಅಷ್ಟು ಎತ್ತರದ ಪಥಗಳಲ್ಲಿ ಕೆಲವು ವರ್ಗಗಳ ಸಮಯವನ್ನು ಎತ್ತರಕ್ಕೆ ತಕ್ಕಂತೆ ತಿದ್ದಿಯೇ ಲೆಕ್ಕ ಹಿಡಿಯುತ್ತಿತ್ತು. ನಮ್ಮಲ್ಲಿ ಯಾರೂ ತಿದ್ದಿ ಕೊಡುವುದಿಲ್ಲವಾದ್ದರಿಂದ ನಾವೇ ತಿದ್ದಿಕೊಳ್ಳಬೇಕು: ಪುಸ್ತಕದಲ್ಲಿ 88 ಅಶ್ವಶಕ್ತಿ ಇರುವ ಇಂಜಿನು ಹೊಸದಾಗಿದ್ದಾಗಲೂ ಹಾಸನದ ಮಧ್ಯಾಹ್ನದಲ್ಲಿ ಕೊಡುತ್ತಿದ್ದದ್ದು 75ರಿಂದ 77. ನಿಮ್ಮ ಗುರಿ ಇರಬೇಕಾದದ್ದು ಅಷ್ಟೇ. ಸುಮಾರು 1930 ಮೀಟರಿನ ಮುಳ್ಳಯ್ಯನಗಿರಿಯ ಕಡೆ ಹತ್ತುವಾಗ ಹಳೆಯ ಕಾರು ಏದುಸಿರು ಬಿಡುವುದು ಮುಪ್ಪಿನಿಂದ ಮಾತ್ರವಲ್ಲ, ಅಲ್ಲಿ ಗಾಳಿಯೇ ನೂರಕ್ಕೆ ಎಂಬತ್ತರಷ್ಟು.

ಎತ್ತರವನ್ನು ಬದಲಾಯಿಸಲಾಗದು, ಆದರೆ ಗಾಳಿಯ ಬಿಸಿಯನ್ನು ಬದಲಾಯಿಸಬಹುದು. ಬಾನೆಟ್ಟಿನೊಳಗಿನ ಗಾಳಿ ಸುಲಭವಾಗಿ 55–60 ಡಿಗ್ರಿ ಮುಟ್ಟುತ್ತದೆ, ಹೊರಗೆ 28 ಇದ್ದಾಗ ಆ ಬಿಸಿ ಗಾಳಿಯನ್ನು ಕುಡಿಯುವ ಇಂಜಿನು ನೂರಕ್ಕೆ ನಾಲ್ಕೈದರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ರೇಡಿಯೇಟರಿನ ಪಕ್ಕದ ಸಂದಿನಿಂದ ಏರ್ ಫಿಲ್ಟರಿನ ಬಾಯಿಗೆ ಮೂರು ಅಂಗುಲದ ಸುರುಳಿ ಪೈಪೊಂದನ್ನು ಎಳೆದು, ಸೈಲೆನ್ಸರ್ ಮ್ಯಾನಿಫೋಲ್ಡಿನಿಂದ ದೂರವಾಗಿ ಕಟ್ಟಿದರೆ ಮೂರು ಅಶ್ವಶಕ್ತಿ ಕೆಲವು ನೂರು ರೂಪಾಯಿಗೆ ವಾಪಸು ಬರುತ್ತದೆ. ಮಸಲ್ ಕಾರುಗಳ ಬಾನೆಟ್ಟಿನ ಮೇಲೆ ಬಾಯ್ದೆರೆದು ಕೂತಿರುವ ಗಾಳಿಗೂಡುಗಳಲ್ಲಿ ಕೆಲವು ಬರೀ ಶೋಕಿಯವು, ನಿಜವಾಗಿ ತೆರೆದಿದ್ದವುಗಳ ಕೆಲಸ ಮಾತ್ರ ಇದೇ ಆಗಿತ್ತು. ಫಿಲ್ಟರನ್ನೇ ಕಿತ್ತೆಸೆಯುವುದು ಬೇರೆ ಮಾತು. ತೋಟದ ದಾರಿಯ ಕೆಂಧೂಳು ಒಂದು ಬೇಸಿಗೆಯಲ್ಲಿ ಸಿಲಿಂಡರಿನ ಗೋಡೆಯನ್ನು ಉಜ್ಜಿ ಹಾಕುತ್ತದೆ, ಅದನ್ನು ಮಾಡಬೇಡಿ.

ಈಗ ಕಾರ್ಬುರೇಟರಿಗೆ ಬರೋಣ. ಪೆಟ್ರೋಲನ್ನು ಪೂರ್ತಿ ಸುಡಲು ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ತೂಕದಲ್ಲಿ ಬೇಕು. ಅತಿ ಹೆಚ್ಚು ಶಕ್ತಿ ಸಿಗುವುದು ಅದಕ್ಕಿಂತ ದಪ್ಪನೆಯ, ಅಂದರೆ ಪೆಟ್ರೋಲು ಹೆಚ್ಚಿರುವ ಮಿಶ್ರಣದಲ್ಲಿ, 12.5ರಿಂದ 13ರ ನಡುವೆ, ಅತಿ ಹೆಚ್ಚು ಮೈಲೇಜು ಸಿಗುವುದು ಅದಕ್ಕಿಂತ ತೆಳುವಾದ ಮಿಶ್ರಣದಲ್ಲಿ. ಶಕ್ತಿಯ ಹದವೂ ದಕ್ಷತೆಯ ಹದವೂ ಬೇರೆ ಬೇರೆ ಎಂಬುದನ್ನು ಒಪ್ಪಿಕೊಂಡು, ಓಟದ ದಿನಕ್ಕೆ ಒಂದು ಜೆಟ್ಟು (ಕಾರ್ಬುರೇಟರಿನಲ್ಲಿ ಪೆಟ್ರೋಲು ಹಾಯುವ ಸಣ್ಣ ರಂಧ್ರದ ತುಂಡು), ಊರಿನ ಓಡಾಟಕ್ಕೆ ಇನ್ನೊಂದು ಎಂದು ಇಟ್ಟುಕೊಳ್ಳುವುದು ಜಾಣತನ. ಗಾಳಿ ತೆಳುವಾದಂತೆ ಕಾರ್ಬುರೇಟರ್ ಪೆಟ್ರೋಲನ್ನು ಅದೇ ಪ್ರಮಾಣದಲ್ಲಿ ಕಡಿಮೆ ಮಾಡುವುದಿಲ್ಲ. ಸಾಂದ್ರತೆಯ ವರ್ಗಮೂಲದ ಲೆಕ್ಕದಲ್ಲಿ ಮಿಶ್ರಣ ದಪ್ಪವಾಗುತ್ತ ಹೋಗುತ್ತದೆ, ನಮ್ಮ ಎತ್ತರದಲ್ಲಿ ಅದು ನೂರಕ್ಕೆ ಏಳೆಂಟರಷ್ಟು. ಆದ್ದರಿಂದಲೇ ಬೆಟ್ಟದೂರಿನ ಹಳೆಯ ಮೇಸ್ತ್ರಿಗಳು ಒಂದು ಅಳತೆ ಚಿಕ್ಕ ಜೆಟ್ಟು ಹಾಕುತ್ತಿದ್ದರು, ಅದು ಆ ಕಾಲಕ್ಕೆ ಸರಿಯೇ ಆಗಿತ್ತು.

ಆದರೆ ಪೆಟ್ರೋಲೇ ಬದಲಾಗಿದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲಿಗೆ ತೂಕದ ಒಂಬತ್ತು ಪಾಲು ಗಾಳಿ ಸಾಕಾಗುವುದರಿಂದ, ಬೆರಕೆಯ ಪೆಟ್ರೋಲು ಪೂರ್ತಿ ಉರಿಯಲು ಬೇಕಾದ ಗಾಳಿ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಹಳೆಯ ಜೆಟ್ಟು ಇದನ್ನು ಅರಿಯದೆ ಮೊದಲಿನಷ್ಟೇ ಪೆಟ್ರೋಲು ಬಿಡುತ್ತದೆ. ಪರಿಣಾಮವಾಗಿ ಮಿಶ್ರಣ ನೂರಕ್ಕೆ ಎಂಟರಷ್ಟು ತೆಳುವಾಗುತ್ತದೆ. ಎತ್ತರದಿಂದ ಬಂದ ದಪ್ಪವೂ ಎಥನಾಲಿನಿಂದ ಬಂದ ತೆಳುವೂ ನಮ್ಮ ಎರಡು ಜಿಲ್ಲೆಗಳಲ್ಲಿ ಹೆಚ್ಚುಕಡಿಮೆ ಒಂದನ್ನೊಂದು ಹೊಡೆದು ಹಾಕುತ್ತವೆ. ಎಂದರೆ, ಕಂಪನಿ ಕೊಟ್ಟ ಮೂಲ ಅಳತೆಯ ಜೆಟ್ಟು ಇಂದು ಹಾಸನದಲ್ಲಿ ಹದವಾಗಿಯೇ ಕೆಲಸ ಮಾಡಬಹುದು, ಯಾರೋ ಇಪ್ಪತ್ತು ವರ್ಷದ ಹಿಂದೆ ಬೆಟ್ಟಕ್ಕೆಂದು ಹಾಕಿದ ಚಿಕ್ಕ ಜೆಟ್ಟು ಮಾತ್ರ ಈಗ ಇಂಜಿನನ್ನು ಬಿಸಿ ಮಾಡಿ, ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಕೇಳಿಸುವ ಬಡಿತ) ತರಿಸಿ, ಕೊನೆಗೆ ವಾಲ್ವನ್ನೋ ಪಿಸ್ಟನ್ನನ್ನೋ ಸುಡಬಹುದು. ಕಾರ್ಬುರೇಟರ್ ಬಿಚ್ಚಿದಾಗ ಮೊದಲು ಜೆಟ್ಟಿನ ಮೇಲೆ ಕೆತ್ತಿದ ಸಂಖ್ಯೆಯನ್ನು ಓದಿ, ನಿಮ್ಮ ಇಂಜಿನಿನ ಕೈಪಿಡಿಯ ಸಂಖ್ಯೆಯೊಂದಿಗೆ ಹೋಲಿಸಿ. ಬಹಳಷ್ಟು ಕಾರ್ಬುರೇಟರುಗಳಲ್ಲಿ ಆ ಸಂಖ್ಯೆ ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಹೇಳುತ್ತದೆ: 120 ಎಂದರೆ 1.20 ಮಿಲಿಮೀಟರ್. 120ರ ಬದಲು 125 ಹಾಕಿದರೆ ರಂಧ್ರದ ವಿಸ್ತೀರ್ಣ ನೂರಕ್ಕೆ ಎಂಟೂವರೆಯಷ್ಟು ಹೆಚ್ಚುತ್ತದೆ, ಎಂದರೆ ಆ ಒಂದೇ ಮೆಟ್ಟಿಲು ಮೇಲೆ ಹೇಳಿದ ಯಾವುದಾದರೂ ಒಂದು ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಸೂಜಿಯಿಂದ ಜೆಟ್ಟನ್ನು ಕೆರೆದು ದೊಡ್ಡದು ಮಾಡುವವರ ಕೈಗೆ ಕಾರನ್ನು ಕೊಡಬೇಡಿ. ಆ ಜೆಟ್ಟಿನ ಮೇಲಿನ ಸಂಖ್ಯೆ ಅಂದಿನಿಂದ ಸುಳ್ಳಾಗುತ್ತದೆ, ಮುಂದೆ ಬರುವವನು ಅದನ್ನೇ ನಂಬುತ್ತಾನೆ. ಎಥನಾಲು ಹಳೆಯ ರಬ್ಬರನ್ನು ಊದಿಸಿ ಮೆತ್ತಗಾಗಿಸುವುದರಿಂದ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮು ಮತ್ತು ಗ್ಯಾಸ್ಕೆಟ್ಟುಗಳನ್ನು ಹೊಸ ಪೆಟ್ರೋಲಿಗೆ ತಡೆಯುವಂಥವಕ್ಕೆ ಬದಲಾಯಿಸುವುದು ಈ ಕೆಲಸದ ಜೊತೆಗೇ ಆಗಬೇಕು. ತಿಂಗಳುಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕಿನಲ್ಲಿ, ಅದೂ ನಮ್ಮ ಮಳೆಗಾಲದ ತೇವದಲ್ಲಿ, ಎಥನಾಲು ನೀರನ್ನು ಹೀರಿಕೊಂಡು ತಳದಲ್ಲಿ ಬೇರೆಯಾಗಿ ನಿಲ್ಲುವುದೂ ಉಂಟು.

ಪೆಟ್ರೋಲು ಸಾಕಷ್ಟು ಬರುತ್ತಿದೆಯೇ ಎಂಬ ಪರೀಕ್ಷೆಯನ್ನು ಬಹಳ ಜನ ಮರೆಯುತ್ತಾರೆ. ಪೆಡಲನ್ನು ಪೂರ್ತಿ ಒತ್ತಿದಾಗ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 230 ಗ್ರಾಂ ಪೆಟ್ರೋಲು ಬೇಕು, 80 ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 400 ಮಿಲಿಲೀಟರ್. 19 ಸೆಕೆಂಡಿನ ಒಂದು ಓಟಕ್ಕೆ ಹೋಟೆಲಿನ ಸ್ಟೀಲ್ ಲೋಟದ ಒಂದು ಕಾಫಿಯಷ್ಟು ಪೆಟ್ರೋಲು ಸಾಕು, ಆದರೆ ಅದು ಆ 19 ಸೆಕೆಂಡಿನೊಳಗೇ ಬಂದು ಮುಟ್ಟಬೇಕು. ಇಂಜಿನು ತಣ್ಣಗಿರುವಾಗ, ಕಾಯಿಲಿನ ವೈರು ತೆಗೆದು, ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಪೈಪನ್ನು ಬಾಟಲಿಗೆ ತಿರುಗಿಸಿ ಹದಿನೈದು ಸೆಕೆಂಡು ಕ್ರ್ಯಾಂಕ್ ಹೊಡೆಯಿರಿ. ಅಷ್ಟರಲ್ಲಿ 100 ಮಿಲಿಲೀಟರೂ ಬರದಿದ್ದರೆ ಪಂಪು, ಫಿಲ್ಟರು ಇಲ್ಲವೆ ಟ್ಯಾಂಕಿನೊಳಗಿನ ಜಾಲರಿಯನ್ನು ನೋಡಬೇಕು. ಆ ಒಂದು ಲೋಟ ಪೆಟ್ರೋಲಿನ ಶಾಖದಲ್ಲಿ ಚಕ್ರದ ಕಡೆಗೆ ಹೊರಡುವುದು ಕಾಲು ಭಾಗಕ್ಕಿಂತ ತುಸು ಹೆಚ್ಚು ಮಾತ್ರ, ಉಳಿದದ್ದು ಸೈಲೆನ್ಸರಿನಿಂದಲೂ ರೇಡಿಯೇಟರಿನಿಂದಲೂ ಹೊರಗೆ ಹೋಗುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಇವೆಲ್ಲ ತಿಳಿಯುವ ಮೊದಲು ನಾನು ಬೆಂಗಳೂರಿನಿಂದ ದೊಡ್ಡ ಬಾಯಿಯ ಹಳೆಯ ಕಾರ್ಬುರೇಟರೊಂದನ್ನು ತಂದು ಕೂರಿಸಿದ್ದೆ. ಸದ್ದು ಗಂಭೀರವಾಯಿತು, ಸ್ನೇಹಿತರೆಲ್ಲ ಮೆಚ್ಚಿದರು, ಆದರೆ ಮೂರನೇ ಗೇರಿನ ಸಮಯ 7.1 ಸೆಕೆಂಡಿನಿಂದ 7.6ಕ್ಕೆ ಜಾರಿತು. 1817 ಸಿಸಿಯ ಇಂಜಿನು ನಿಮಿಷಕ್ಕೆ 5000 ಸುತ್ತು ತಿರುಗುವಾಗ ಆ ಒಂದು ನಿಮಿಷದಲ್ಲಿ ಎಳೆಯುವ ಗಾಳಿ ಹೆಚ್ಚೆಂದರೆ ಮೂರೂವರೆಯಿಂದ ನಾಲ್ಕು ಸಾವಿರ ಲೀಟರ್. ಅದಕ್ಕಿಂತ ಬಹಳ ದೊಡ್ಡ ಬಾಯಿ ಕೊಟ್ಟರೆ ಗಾಳಿಯ ವೇಗ ಕುಂದಿ, ಪೆಟ್ರೋಲು ಸರಿಯಾಗಿ ಸಿಡಿಯದೆ ಹನಿಹನಿಯಾಗಿ ಒಳಗೆ ಬೀಳುತ್ತದೆ. ಮೊಬೈಲಿನಲ್ಲಿ ಅಳೆಯುವ ಅಭ್ಯಾಸ ಇಲ್ಲದಿದ್ದರೆ ಆ ಸದ್ದನ್ನು ನಂಬಿ ಇಂದಿಗೂ ಅದನ್ನೇ ಓಡಿಸುತ್ತಿದ್ದೆ.

ಕಿಡಿಯ ಹೊತ್ತು

ಡಿಸ್ಟ್ರಿಬ್ಯೂಟರಿನ (ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗದ) ಒಳಗಿನ ಪಾಯಿಂಟಿನ ಸಂದು, ಪ್ಲಗ್ಗಿನ ಸಂದುಗಳನ್ನು ಕೈಪಿಡಿಯ ಅಳತೆಗೆ ತಂದ ಮೇಲೆ, ಕಿಡಿ ಯಾವಾಗ ಬರುತ್ತಿದೆಯೆಂದು ತೋರಿಸುವ ಟೈಮಿಂಗ್ ಲೈಟು ಹಿಡಿಯಿರಿ. ತೆಳುವಾದ ಗಾಳಿಯಲ್ಲಿ ಪೆಟ್ರೋಲು ನಿಧಾನವಾಗಿ ಉರಿಯುವುದರಿಂದಲೂ, ಸಿಲಿಂಡರಿನೊಳಗಿನ ಒತ್ತಡ ಕಡಿಮೆಯಿರುವುದರಿಂದಲೂ, ಈಗಿನ ಪೆಟ್ರೋಲಿನ ಆಕ್ಟೇನು (ನಾಕಿಂಗ್ ತಡೆಯುವ ಗುಣದ ಅಂಕಿ) 95ರ ಆಸುಪಾಸಿನಲ್ಲಿ ಇರುವುದರಿಂದಲೂ, ನಮ್ಮ ಎತ್ತರದಲ್ಲಿ ಕಿಡಿಯನ್ನು ಕೈಪಿಡಿಯ ಅಂಕಿಗಿಂತ ಎರಡರಿಂದ ನಾಲ್ಕು ಡಿಗ್ರಿ ಮುಂಚಿತವಾಗಿ ಕೊಡಲು ಅವಕಾಶವಿದೆ. ಒಮ್ಮೆಗೆ ಎರಡು ಡಿಗ್ರಿ ಮಾತ್ರ ಮುಂಚಿತಗೊಳಿಸಿ ಮೂರನೇ ಗೇರಿನ ಅಳತೆ ಮಾಡಿ. ಸಮಯ ಇಳಿದರೆ ಇನ್ನೆರಡು, ಇಳಿಯದಿದ್ದರೆ ಹಿಂದಕ್ಕೆ. ನಾಕಿಂಗ್ ಸದ್ದು ಕೇಳಿಸಿದ ಮೇಲೆ ಹಿಂದಕ್ಕೆ ತರುವುದೆಂದರೆ ತಡವಾಯಿತೆಂದೇ ಅರ್ಥ. ಪೂರ್ತಿ ಪೆಡಲಿನಲ್ಲಿ ಸೈಲೆನ್ಸರಿನ ಅಬ್ಬರದ ನಡುವೆ ಅದು ಕಿವಿಗೆ ಬೀಳುವುದೂ ಕಷ್ಟ. ಡಿಸ್ಟ್ರಿಬ್ಯೂಟರಿನೊಳಗಿನ ತೂಕದ ಗುಂಡುಗಳು ಮತ್ತು ಸ್ಪ್ರಿಂಗುಗಳು ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಐಡಲಿನಲ್ಲಿ ಸರಿಯಾಗಿ ಕಾಣುವ ಟೈಮಿಂಗು ಮೇಲಿನ ಸುತ್ತಿನಲ್ಲಿ ಮುಂದೆ ಹೋಗುವುದೇ ಇಲ್ಲ. ಆದ್ದರಿಂದ 3000 ಸುತ್ತಿನಲ್ಲಿಯೂ ಲೈಟು ಹಿಡಿದು ನೋಡಬೇಕು. ನಿಂತೇ ಇದ್ದ ಕಾರುಗಳಲ್ಲಿ ಹತ್ತಕ್ಕಿಂತ ಹೆಚ್ಚು ಅಶ್ವಶಕ್ತಿ ಈ ಒಂದು ಪುಟ್ಟ ಜಾಗದಲ್ಲಿ ಸಿಕ್ಕಿಕೊಂಡಿದ್ದದ್ದನ್ನು ನಾನು ಕಂಡಿದ್ದೇನೆ. ಪ್ಲಗ್ಗಿನ ಬಣ್ಣ ತಿಳಿಯಾಗಿ ಹುರಿದ ಕಾಫಿ ಬೀಜದಂತಿರಬೇಕು ಎಂಬ ಹಳೆಯ ಮಾತು ಈಗಿನ ಪೆಟ್ರೋಲಿಗೆ ಅಷ್ಟಾಗಿ ಹೊಂದುವುದಿಲ್ಲ, ಬಣ್ಣ ಮೊದಲಿಗಿಂತ ಬೆಳ್ಳಗೇ ಇರುತ್ತದೆ. ಪಿಂಗಾಣಿಯ ಮೇಲೆ ಚುಕ್ಕೆ ಚುಕ್ಕೆಯಾಗಿ ಲೋಹದ ಹುಡಿ ಅಂಟಿದ್ದರೆ ಮಾತ್ರ ಅಲ್ಲಿಗೆ ನಿಲ್ಲಿಸಿ.

ಹೆಡ್ ಫೇಸಿಂಗ್ ಮಾಡಿಸಿ ಕಂಪ್ರೆಷನ್ ಏರಿಸಬೇಕೇ ಎಂದು ಕೇಳುವವರಿಗೆ ಲೆಕ್ಕ ಹೇಳುತ್ತೇನೆ. ಅನುಪಾತವನ್ನು 8.5ರಿಂದ 9.2ಕ್ಕೆ ಏರಿಸಿದರೆ ಸಿದ್ಧಾಂತದ ದಕ್ಷತೆ ನೂರಕ್ಕೆ 57.5ರಿಂದ 58.8ಕ್ಕೆ ಹೋಗುತ್ತದೆ, ಅಂದರೆ 80 ಅಶ್ವಶಕ್ತಿಗೆ ಸುಮಾರು ಎರಡು ಸೇರುತ್ತದೆ. ಅದಕ್ಕಾಗಿ 84 ಮಿಲಿಮೀಟರ್ ಬೋರು, 82 ಮಿಲಿಮೀಟರ್ ಸ್ಟ್ರೋಕಿನ ಈ ಇಂಜಿನಿನಲ್ಲಿ ಪ್ರತಿ ಸಿಲಿಂಡರಿನ ದಹನದ ಜಾಗವನ್ನು ಸುಮಾರು ಐದು ಸಿಸಿ ಕುಗ್ಗಿಸಬೇಕು, ಹೆಡ್ ಬಿಚ್ಚಿ, ಬ್ಯೂರೆಟ್ಟಿನಿಂದ ನಾಲ್ಕೂ ಜಾಗಗಳನ್ನು ಅಳೆದು, ಲೇತಿನ ಅಂಗಡಿಗೆ ಹೊತ್ತು, ಹೊಸ ಗ್ಯಾಸ್ಕೆಟ್ಟು ತಂದು ಜೋಡಿಸಬೇಕು. ಬೇರೆ ಕಾರಣಕ್ಕೆ ಹೆಡ್ ಹೇಗೂ ಬಿಚ್ಚಿದ್ದರೆ ಮಾಡಿಸಿ, ಅದಕ್ಕೆಂದೇ ಬಿಚ್ಚಬೇಡಿ. ಇಂಜಿನನ್ನೇ ಬದಲಾಯಿಸುವ ಯೋಚನೆ ಇರುವವರು ಕಾಯಿದೆಯ 52ನೇ ಕಲಮನ್ನು ನೋಡಿಕೊಂಡು, ಆರ್‌ಟಿಒ ಅನುಮತಿ ಪಡೆದೇ ಮುಂದುವರಿಯಬೇಕು.

ಓಟದ ದಿನ

ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ಮಾನ್ಯತೆಯಿರುವ ಓಟಗಳಲ್ಲಿ ಮಾತ್ರ ಭಾಗವಹಿಸಿ. ಡ್ರ್ಯಾಗ್ ಓಟಗಳು ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ವಿಮಾನದ ಪಟ್ಟಿಗಳ ಮೇಲೆ. ಹೊರಡುವ ಮೊದಲು ಸ್ಟೆಪ್ನಿ, ಜಾಕಿ, ಡಿಕ್ಕಿಯ ಸಾಮಾನು, ಹಿಂದಿನ ಸೀಟನ್ನು ಇಳಿಸಿ, ಟ್ಯಾಂಕಿನಲ್ಲಿ ಹತ್ತು ಲೀಟರ್ ಮಾತ್ರ ಇಟ್ಟುಕೊಂಡರೆ 60 ಕಿಲೋ ಇಳಿಯುತ್ತದೆ. ಅದರಿಂದ ಸಮಯದಲ್ಲಿ ಸುಮಾರು 0.3 ಸೆಕೆಂಡು ಉಳಿಯುತ್ತದೆ, ಅದು ಹೆಡ್ ಫೇಸಿಂಗಿನ ಎರಡು ಅಶ್ವಶಕ್ತಿ ತರುವುದರ ಸರಿಸುಮಾರು ದುಪ್ಪಟ್ಟು. ಬೆಲ್ಟು, ಬ್ರೇಕಿಗೆ ಸಂಬಂಧಿಸಿದ ಯಾವುದನ್ನೂ ಮುಟ್ಟಬಾರದು. ಅವಕಾಶ ಸಿಕ್ಕರೆ ಬೆಳಗಿನ ಮೊದಲ ಸಾಲಿನಲ್ಲೇ ಓಡಿ. 15 ಡಿಗ್ರಿಯ ಗಾಳಿ 30 ಡಿಗ್ರಿಯದಕ್ಕಿಂತ ನೂರಕ್ಕೆ ಐದರಷ್ಟು ಸಾಂದ್ರ, ಮ್ಯಾನಿಫೋಲ್ಡಿನಲ್ಲಿ ಅದು ಬಿಸಿಯಾಗುವುದನ್ನು ಕಳೆದರೂ ಎರಡು ಅಶ್ವಶಕ್ತಿ ಪುಕ್ಕಟೆ. ಹೊರಡುವಾಗ ಟೈರು ಕೀರಲು ಬಿಡಬೇಡಿ. ಗೇರನ್ನು ಗರಿಷ್ಠ ಶಕ್ತಿಯ ಸುತ್ತನ್ನು ತುಸು ದಾಟಿದ ಮೇಲೆ ಬದಲಾಯಿಸಿದರೆ ಮುಂದಿನ ಗೇರಿನಲ್ಲಿ ಇಂಜಿನು ಸೋಲುವುದಿಲ್ಲ.

ಓಟ ಘಟ್ಟದ ಕೆಳಗಿನ ಊರಿನಲ್ಲಿದ್ದರೆ ಜೇಬಿನಲ್ಲಿ ಒಂದು ಮೆಟ್ಟಿಲು ದೊಡ್ಡ ಜೆಟ್ಟು, ಒಂದು ಸ್ಕ್ರೂಡ್ರೈವರ್ ಇರಲಿ. ಚಾರ್ಮಾಡಿ ಇಳಿದು ಉಜಿರೆಗೆ ಬರುವಷ್ಟರಲ್ಲಿ ಎತ್ತರದಿಂದ ಸಿಗುತ್ತಿದ್ದ ಮಿಶ್ರಣದ ದಪ್ಪ ಮಾಯವಾಗಿ, ಎಥನಾಲಿನ ತೆಳು ಮಾತ್ರ ಉಳಿದಿರುತ್ತದೆ. ಅಲ್ಲಿ 120 ತೆಗೆದು 125 ಹಾಕಿ, ಮುಂಚಿತಗೊಳಿಸಿದ್ದ ಕಿಡಿಯನ್ನು ಕೈಪಿಡಿಯ ಅಂಕಿಗೆ ಹಿಂದಕ್ಕೆ ತಂದು, ಆಮೇಲೆ ಮಾತ್ರ ಪೆಡಲನ್ನು ಪೂರ್ತಿ ಒತ್ತಿ. ವಾಪಸು ಘಟ್ಟ ಹತ್ತಿ ಕೊಟ್ಟಿಗೆಹಾರ ತಲುಪಿದ ಮೇಲೆ ಎರಡನ್ನೂ ಮೊದಲಿನಂತೆ ಮಾಡಿಕೊಳ್ಳಬಹುದು, ಇಂಜಿನು ಆರುವವರೆಗೆ ಕಾಯಬೇಕಷ್ಟೆ.